ಜೈಬುನ್ ಅಕ್ಕನ ಖಾಲಿ ಬಟನ್‌ಗಳು

ಮೊನ್ನೆ ನಮ್ಮ ತಿಕೋಟಾ ಕಚೇರಿಯ ಕೀಬೋರ್ಡಿನಲ್ಲಿ 'ರ' ಅಕ್ಷರ ಸತ್ತಿತು. ಪೂರ್ತಿ ಸತ್ತಿರಲಿಲ್ಲ ಅನ್ನಿ. ಗಟ್ಟಿಯಾಗಿ ಒತ್ತಿದರೆ ಮೂಡುತ್ತಿತ್ತು, ಇಲ್ಲದಿದ್ದರೆ 'ಸರಕಾರ' ಹೋಗಿ 'ಸಕಾ' ಆಗುತ್ತಿತ್ತು. ಸಾಹೇಬರು ನನ್ನನ್ನು ಕರೆದು, "ನೀವು ಹೆಂಗೂ ವಿಜಾಪುರದಿಂದ ಓಡಾಡತೀರಿ. ಗಾಂಧಿ ಚೌಕದಾಗ ಒಂದ ಛಲೋ ಕೀಬೋರ್ಡ್ ನೋಡಕೊಂಡ ಬರ್ರಿ. ಶಾರ್ಟ್‌ಕಟ್ ಬಟನ್ ಇದ್ದದ್ದ ತರ್ರಿ, ಕೆಲಸ ಜಲ್ದಿ ಆಗತೈತಿ" ಎಂದರು. ಕೆಲಸ ತಡವಾಗುವುದು ಕೀಬೋರ್ಡಿನಿಂದಲ್ಲ, ನನ್ನ ಬೆರಳುಗಳಿಂದ ಎಂಬುದು ಅವರಿಗೂ ಗೊತ್ತು, ನನಗೂ ಗೊತ್ತು. ಕೋಳಿ ಕಾಳು ಹೆಕ್ಕಿದ ಹಾಗೆ ಟೈಪು ಮಾಡುವವಳು ನಾನು.

ಅಂಗಡಿಯವರು ಪೆಟ್ಟಿಗೆಗಳನ್ನು ಒಂದೊಂದಾಗಿ ಬಿಚ್ಚಿ ಕೌಂಟರಿನ ಮೇಲೆ ಹರವಿದರು. ಒತ್ತಿದರೆ ಕ್ಯಾಲ್ಕುಲೇಟರ್ ತೆರೆಯುವ ಬಟನ್ ಇರುವುದು ಒಂದು, ಹಾಡಿನ ದನಿ ಏರಿಸಿ ಇಳಿಸುವುದು ಇನ್ನೊಂದು. ಕಚೇರಿಯಲ್ಲಿ ಹಾಡು ಯಾರು ಕೇಳುತ್ತಾರೆ? ಕೊನೆಗೆ ಒಂದನ್ನು ನನ್ನ ಮುಂದೆ ತಳ್ಳಿದರು.

"ಇದನ್ನ ತಗೋರಿ ಮ್ಯಾಡಮ್. ಎಡಕಿನ ಈ ಸಾಲ ನೋಡ್ರಿ, ಮ್ಯಾಲ ಏನೂ ಬರದಿಲ್ಲ, ಖಾಲಿ ಅದಾವ. ನಿಮಗ ಯಾವ ಮಾತ ಪದೇ ಪದೇ ಬೇಕೋ ಅದನ್ನ ಇದರಾಗ ತುಂಬಿ ಇಟ್ಟ್ರ ಆತು. ಒಮ್ಮಿ ಒತ್ತಿದ್ರ ಇಡೀ ಸಾಲ ಬಂದ ಬಿಡತೈತಿ. ಒತ್ತಿ ನೋಡ್ರಿ."

ಬೆರಳಿಟ್ಟೆ. ಒತ್ತಲು ಆಗಲಿಲ್ಲ. ನನಗೆ ಜೈಬುನ್ ಅಕ್ಕ ನೆನಪಾದಳು.

ಆಗ ನಾನು ಬಬಲೇಶ್ವರದ ಕಚೇರಿಯಲ್ಲಿದ್ದೆ. ಜೈಬುನ್ ಅಕ್ಕ ಅಲ್ಲಿ ಟೈಪಿಸ್ಟ್. ಟೈಪ್‌ರೈಟರ್ ಕಾಲದಲ್ಲಿ ನೌಕರಿಗೆ ಸೇರಿದವಳು. ಕಂಪ್ಯೂಟರ್ ಬಂದ ಮೇಲೂ ಆ ಹೊಡೆತ ಬಿಟ್ಟಿರಲಿಲ್ಲ. ಅವಳು ಟೈಪು ಮಾಡಲು ಕೂತರೆ ಪಕ್ಕದ ಕೋಣೆಯವರಿಗೆ ಯಾರೋ ಜೋಳದ ರೊಟ್ಟಿ ಬಡಿಯುತ್ತಿದ್ದಾರೆ ಅನಿಸಬೇಕು. ಸೀರೆಯ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ಏನ್ ಬೇ ತಂಗಿ, ಅಕ್ಷರ ಹುಡಕಾಕತ್ತೀಯೋ, ಕಳದ ಹೋದ ಮೂಗಬಟ್ಟ ಹುಡಕಾಕತ್ತೀಯೋ?" ಎನ್ನುತ್ತಿದ್ದಳು. ಬಯ್ಯುತ್ತಲೇ ನನ್ನ ಅರ್ಧ ಕಾಗದಗಳನ್ನು ತಾನೇ ಮುಗಿಸಿಕೊಡುತ್ತಿದ್ದಳು. ಇಬ್ಬರೂ ವಿಜಾಪುರದಿಂದ ಒಂದೇ ಬಸ್ಸಿಗೆ ಬರುತ್ತಿದ್ದೆವು. ಸೀಟು ಸಿಕ್ಕ ದಿನ ಅವಳು ತನ್ನ ಗಂಡನ ವಿಷಯ ಹೇಳುತ್ತಿದ್ದಳು. ಸಿಗದ ದಿನ ಕಂಡಕ್ಟರನ ಜೊತೆ ಜಗಳ ಮಾಡುತ್ತಿದ್ದಳು. ನನಗೆ ಎರಡೂ ಇಷ್ಟ.

ಗಂಡ ದಸ್ತಗೀರ್ ಅಣ್ಣ ದರ್ಜಿ. ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ ಒಂದೇ ಮಿಷನ್ನಿನ ಅಂಗಡಿ. ಮಾತು ಕಡಿಮೆ. ಕನ್ನಡ ನಮ್ಮ ಹಾಗೆಯೇ ಮಾತಾಡುತ್ತಾರೆ, ಆದರೆ ಓದಲು ಬರುತ್ತಿರಲಿಲ್ಲ. ಎಳೆತನದಲ್ಲಿ ಕಲಿತದ್ದು ಉರ್ದು ಸಾಲೆ, ಅದೂ ಅರ್ಧಕ್ಕೇ. ಅಕ್ಕನದು ಇದಕ್ಕೆ ತಿರುವುಮುರುವು. ಅವಳು ಹುಟ್ಟಿದ ಅರಕೇರಿಯಲ್ಲಿ ಕನ್ನಡ ಸಾಲೆಗೇ ಹೋದಳು, ಉರ್ದು ಬರೆಯಲು ಕಲಿಯಲೇ ಇಲ್ಲ. "ನಾವಿಬ್ಬರೂ ಒಬ್ಬರಿಗೊಬ್ಬರು ಚೀಟಿ ಬರೀಲಾರದ ಗಂಡ ಹೆಂಡತಿ" ಎಂದು ನಗುತ್ತಿದ್ದಳು.

ಮೊದಲು ತಪ್ಪು ಕೀಬೋರ್ಡಿನ ಮೇಲೆ ಬಂತು. "ಇದು ಭಾಳ ಬಿರುಸ ಆಗೇತಿ ತಂಗಿ, ಬೆರಳ ನೋಯತಾವ" ಎಂದಳು. ಕೀಬೋರ್ಡನ್ನು ಒರೆಸಿದೆವು, ತಲೆಕೆಳಗು ಮಾಡಿ ಬಡಿದೆವು, ಅದರೊಳಗಿಂದ ಚುರುಮುರಿ ಬಿತ್ತು, ನಕ್ಕೆವು. ಬೇರೆ ಟೇಬಲ್ಲಿನದನ್ನು ತಂದು ಹಾಕಿದೆವು. ಅದೂ ಬಿರುಸು. ಒಂದು ದಿನ ಬಸ್ಸಿನಲ್ಲಿ ನೀರಿನ ಬಾಟಲಿಯ ಮುಚ್ಚಳ ತೆಗೆಯಲಾಗದೆ ಸುಮ್ಮನೆ ನನ್ನ ಕೈಗೆ ಕೊಟ್ಟಳು. ಆಗ ಇಬ್ಬರೂ ನಗಲಿಲ್ಲ. ಸೊಲ್ಲಾಪುರದ ಡಾಕ್ಟರು ಇದು ನರದ ರೋಗ ಎಂದರು. ಕೈ, ಕಾಲು, ನಾಲಿಗೆ ಒಂದೊಂದೇ ಬಲ ಕಳೆದುಕೊಳ್ಳುತ್ತವೆ, ತಲೆ ಮಾತ್ರ ಕೊನೆಯವರೆಗೂ ನಿಚ್ಚಳವಾಗಿರುತ್ತದೆ, ಔಷಧ ಇಲ್ಲ.

ಅಕ್ಕ ಮನೆಯಲ್ಲಿ ಕೂರಲಿಲ್ಲ. "ಮನ್ಯಾಗ ಕುಂತು ಗ್ವಾಡಿ ನೋಡ್ಲೇನ? ಕೈ ನಡಿಯೂ ತನಕ ಬರತೇನಿ" ಎಂದವಳು ನನ್ನನ್ನು ಕರೆದುಕೊಂಡು ಕೀಬೋರ್ಡ್ ಆರಿಸಲು ಹೊರಟಳು. ಸಂತೆಯಲ್ಲಿ ಬೆಂಡೆಕಾಯಿಯ ತುದಿ ಮುರಿದು ನೋಡುತ್ತಾರಲ್ಲ, ಹಾಗೆ ಪ್ರತಿಯೊಂದರ ಮೇಲೂ ಬೆರಳಿಟ್ಟು ನೋಡಿದಳು. ಎಲ್ಲಕ್ಕಿಂತ ಮೆತ್ತಗಿನದನ್ನು, ಪಕ್ಕದಲ್ಲಿ ಖಾಲಿ ಬಟನ್‌ಗಳ ಸಾಲಿದ್ದದ್ದನ್ನು ತನ್ನ ಸ್ವಂತಕ್ಕೆ ಕೊಂಡಳು. ಅದರಲ್ಲಿ ಏನು ತುಂಬಬೇಕು ಎಂಬುದೇ ಬಸ್ಸಿನ ದಾರಿಯುದ್ದಕ್ಕೂ ಚರ್ಚೆ. 'ಮೇಲಿನ ವಿಷಯಕ್ಕೆ ಸಂಬಂಧಿಸಿದಂತೆ' ಒಂದು, 'ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ' ಒಂದು, 'ಮುಂದಿನ ಸೂಕ್ತ ಕ್ರಮಕ್ಕಾಗಿ ತಮ್ಮ ಅವಗಾಹನೆಗೆ ಸಲ್ಲಿಸಿದೆ' ಮತ್ತೊಂದು. ತುಂಬಿಸಿದ ದಿನ ಒಂದಾದ ಮೇಲೆ ಒಂದು ಒತ್ತಿ, "ನೋಡ ಬೇ, ಮಂದೀ ಹೆಸರೊಂದು ನಾವು ಹಾಕೂದು. ಉಳದದ್ದೆಲ್ಲಾ ಇದರಾಗ ಐತಿ" ಎಂದು ಹಿಗ್ಗಿದಳು. ಒಂದೇ ಕೈಯ ಎರಡು ಬೆರಳಿನಲ್ಲಿ ಅವಳು ಆಗಲೂ ನನಗಿಂತ ಬೇಗ ಟೈಪು ಮಾಡುತ್ತಿದ್ದಳು.

ಆಮೇಲೆ ಬಸ್ಸಿನ ಮೆಟ್ಟಿಲು ಹತ್ತಲು ಆಗದಾಯಿತು. ಮಾತು ಮೊದಲು ತೊದಲಿತು, ನಂತರ ಬರೀ ದನಿಯಾಯಿತು. ಕೀಬೋರ್ಡು ಅವಳ ಜೊತೆ ಮನೆಗೆ ಹೋಯಿತು. ಮಗಳು ಹಳೆಯದೊಂದು ಕಂಪ್ಯೂಟರ್ ತಂದು ಮಂಚದ ಪಕ್ಕ ಇಟ್ಟಳು. ಆದರೆ ಮಗಳಿಗೆ ಕನಮಡಿಯಲ್ಲಿ ಗಂಡನ ಮನೆ, ಎಳೆಯ ಕೂಸು. ಬಂದು ಹೋಗಿ ಮಾಡುತ್ತಿದ್ದಳು ಅಷ್ಟೆ. ಉಳಿದ ಹೊತ್ತಿನಲ್ಲಿ ಅಕ್ಕ ಪರದೆಯ ಮೇಲೆ ಏನೋ ಬರೆಯುವಳು, ಅಣ್ಣ ಅದರ ಮುಂದೆ ಕೈಕಟ್ಟಿ ನಿಲ್ಲುವರು. ಒಮ್ಮೆ ನಾನು ಹೋದಾಗ ಬಾಗಿಲಲ್ಲೇ ಹಿಡಿದುಕೊಂಡರು.

"ತಂಗೆಮ್ಮಾ, ಲಗೂ ಬಾ. ಮುಂಜಾನಿಂದ ಏನೋ ಬರದಾಳ. ನನಗ ತಿಳೀವಲ್ದು. ಒಂದೊಂದ ಸಾಮಾನ ತಂದ ತೋರಸಾಕತ್ತೇನಿ, ಯಾವುದೂ ಅಲ್ಲಂತ ತಲಿ ಅಲ್ಲಾಡಸತಾಳ."

ಪರದೆಯ ಮೇಲೆ 'ಕಾಲು ಮಡಚಿ ಇಡ್ರಿ' ಎಂದಿತ್ತು.

ಓದಿ ಹೇಳಿದೆ. ಅಣ್ಣ ಕಾಲು ಮಡಚಿ ಇಟ್ಟರು. ದಿಂಬು ಸರಿಮಾಡಿ, ಅಂಗಳಕ್ಕೆ ಬಂದು ಬೆನ್ನು ತಿರುಗಿಸಿ ನಿಂತರು. ತುಸು ಹೊತ್ತಿನ ಮೇಲೆ, "ನನಗ ಕನ್ನಡ ಓದಾಕ ಕಲಸ್ತೀ ಏನವಾ?" ಎಂದು ಕೇಳಿದರು. ತಲೆಗೂದಲು ಪೂರಾ ಬೆಳ್ಳಗಾಗಿದ್ದ ಮನುಷ್ಯ.

ಕಲಿಸಿದವಳು ನಾನೆಂದು ಹೇಳಿಕೊಂಡರೆ ಸುಳ್ಳಾಗುತ್ತದೆ. ಮಾಸ್ತರು ಅಕ್ಕನೇ. ರವಿವಾರ ನಾನು ಹೋಗಿ ಕೂರುತ್ತಿದ್ದೆ. ಅವಳು ಒಂದು ಅಕ್ಷರ ಒತ್ತುವಳು, ನಾನು ಓದುವೆ, ಅಣ್ಣ ಗಟ್ಟಿಯಾಗಿ ಹೇಳುವರು. ತಪ್ಪು ಹೇಳಿದರೆ ಅದೇ ಅಕ್ಷರ ಪರದೆಯ ತುಂಬ ಸಾಲುಗಟ್ಟುವುದು. ಅವಳಿಗೆ ಬಯ್ಯಲು ಉಳಿದಿದ್ದ ದಾರಿ ಅದೊಂದೇ. ಅಂಗಡಿಯಲ್ಲಿ ಗಿರಾಕಿ ಇಲ್ಲದಾಗಲೂ ಅಣ್ಣ ಎದುರಿನ ಬೋರ್ಡುಗಳನ್ನು ಕೂಡಿಸಿ ಕೂಡಿಸಿ ಓದುತ್ತಿದ್ದರಂತೆ. 'ನೀರು' ಎಂಬುದನ್ನು ಯಾರ ಸಹಾಯವಿಲ್ಲದೆ ಓದಿದ ದಿನ ಅವರು ಲೋಟ ತರಲು ಓಡಿದ ರೀತಿ ನನಗಿನ್ನೂ ಕಣ್ಣಮುಂದಿದೆ.

ಆಗ ಖಾಲಿ ಬಟನ್‌ಗಳಲ್ಲಿದ್ದ ಕಚೇರಿಯ ಮಾತುಗಳನ್ನು ಅಳಿಸಿ ಮನೆಯ ಮಾತು ತುಂಬಿದೆವು. ನೀರು ಒಂದಕ್ಕೆ, ಮಗ್ಗಲು ಬದಲಿಸು ಎನ್ನುವುದು ಒಂದಕ್ಕೆ, ಸಾಕು ಎನ್ನುವುದು ಒಂದಕ್ಕೆ. 'ಮುಂದಿನ ಸೂಕ್ತ ಕ್ರಮಕ್ಕಾಗಿ' ಎಂಬುದನ್ನು ಅಳಿಸಲು ಅಕ್ಕ ಬಿಡಲಿಲ್ಲ. ಸೊಳ್ಳೆ ಕಚ್ಚಿದರೆ ಅದನ್ನು ಒತ್ತುವಳು. "ಇದೇನವಾ ಅವಗಾಹನೆ ಅಂದ್ರ?" ಎಂದು ಅಣ್ಣ ಗಾಬರಿಯಾದರೆ ಅವಳ ಕಣ್ಣು ನಗುತ್ತಿತ್ತು. ಉಳಿದ ಒಂದರಲ್ಲಿ ಏನು ಹಾಕೋಣ ಎಂದು ಕೇಳಿದೆ. ನಿಧಾನವಾಗಿ, ಒಂದೊಂದೇ ಅಕ್ಷರವಾಗಿ, ತಾನೇ ಬರೆದಳು: 'ನಿಮ್ಮ ಊಟ ಆತೇನ್ರಿ?'

ಅಣ್ಣ ಅದನ್ನು ಓದಿ ಸಿಟ್ಟಾದರು. "ನಂದೇನ ಐತಿ ಬಿಡ. ನಿನಗ ಬೇಕಾದ್ದ ಹಾಕಸ್ಕೋ."

ಅವಳು ಆ ಬಟನ್ ಒತ್ತಿದಳು. ಅವರು ಮುಖ ತಿರುಗಿಸಿದರು. ಮತ್ತೆ ಒತ್ತಿದಳು. ಮತ್ತೆ ಒತ್ತಿದಳು. ಪರದೆಯ ತುಂಬ ಊಟ ಆತೇನ್ರಿ, ಊಟ ಆತೇನ್ರಿ. ಕಡೆಗೆ ಅಣ್ಣ, "ಆತವಾ, ಉಣತೇನಿ" ಎಂದು ಕಣ್ಣೊರೆಸಿಕೊಂಡು ಒಳಗೆ ಹೋಗಿ ತಟ್ಟೆ ಹಿಡಿದುಕೊಂಡು ಬಂದರು. ಮುಂಜಾನೆಯಿಂದ ಅವರು ಏನೂ ತಿಂದಿರಲಿಲ್ಲ.

ಎಷ್ಟು ಮೆತ್ತಗಿನ ಬಟನ್ನಾದರೂ ಒಂದು ದಿನ ಬಿರುಸಾಗಲೇಬೇಕಿತ್ತು. ಬೆರಳು ಪೂರ್ತಿ ನಿಂತಿತು. ಇನ್ನು ಮುಗಿಯಿತು, ಮಾತೇ ಇಲ್ಲ ಎಂದುಕೊಂಡು ಹೋದರೆ, ಅಣ್ಣ ಮಂಚದ ಬಳಿ ಒಂದು ಕರಿಯ ಅಸ್ತರಿನ ಬಟ್ಟೆ ಹಿಡಿದು ಕೂತಿದ್ದರು. ಅಳತೆಯ ಗೆರೆ ಎಳೆಯುವ ಸೀಮೆಸುಣ್ಣದಿಂದ ಅದರ ಮೇಲೆ ಅ ಆ ಇ ಈ, ಕ ಖ ಗ ಘ, ಸೊಟ್ಟಸೊಟ್ಟಾಗಿ. ಒಂದೊಂದೇ ಅಕ್ಷರದ ಮೇಲೆ ಬೆರಳಾಡಿಸುತ್ತ ಹೋಗುವರು. ಬೇಕಾದ ಅಕ್ಷರ ಬಂದಾಗ ಅಕ್ಕ ಕಣ್ಣು ಮುಚ್ಚುವಳು.

ನಾನು ಅವಳನ್ನು ಕೊನೆಯ ಸಲ ನೋಡಿದ ದಿನ ಅಕ್ಕ ಹಾಗೆ ಒಂದೇ ಮಾತು ಹೇಳಿದಳು. ಅಣ್ಣನ ಬೆರಳು ಸಾಲು ಸಾಲು ದಾಟಿ 'ಚ'ಗೆ ಬಂದಾಗ ಕಣ್ಣು ಮುಚ್ಚಿತು. ಮತ್ತೆ ಮೊದಲಿನಿಂದ ಶುರು ಮಾಡಿ 'ಹ'ಕ್ಕೆ ಬಂದಾಗ ಮುಚ್ಚಿತು. "ಚಹಾ?" ಎಂದು ಅಣ್ಣ ಗಾಬರಿಯಾದರು. ಅವಳಿಗೆ ಒಂದು ಚಮಚ ನೀರು ಇಳಿಯುವುದೂ ಕಷ್ಟವಾಗಿತ್ತು. ಅವಳ ಕಣ್ಣು ನನ್ನ ಕಡೆ ಹೊರಳಿತು. ಅಣ್ಣನಿಗೆ ಆಗ ತಿಳಿಯಿತು.

"ನಿನಗವಾ. ತಂಗಿ ಬಂದಾಳ, ಚಹಾ ಮಾಡ ಅನ್ನಾಕತ್ತಾಳ."

ಆ ಚಹಾ ಕುಡಿದೆ. ಹೇಗೆ ಕುಡಿದೆ ಎಂದು ಕೇಳಬೇಡಿ. ಬೇಸಗೆ ಮುಗಿಯುವ ಮೊದಲೇ ಒಂದು ಬೆಳಿಗ್ಗೆ ಅಕ್ಕ ಹೋದಳು.

ಅಂಗಡಿಯವರು ಇನ್ನೂ ನನ್ನ ಮುಖವನ್ನೇ ನೋಡುತ್ತಿದ್ದರು. ಖಾಲಿ ಬಟನ್ ಇರುವ ಕೀಬೋರ್ಡನ್ನೇ ಕಟ್ಟಿಸಿಕೊಂಡು ಹೊರಬಂದೆ. ಅಕ್ಕ ಹೋದ ಮೇಲೆ ಚೌಕದ ಹಿಂದಿನ, ಅಣ್ಣನ ಅಂಗಡಿಯ ಓಣಿಯತ್ತ ನಾನು ಹಾಯ್ದೇ ಇರಲಿಲ್ಲ. ನನಗೂ ವರ್ಗವಾಗಿತ್ತು, ಅದೇ ನೆಪ. ಅಂದು ಕಾಲು ತಾನಾಗಿ ಅತ್ತ ನಡೆಯಿತು.

ದಸ್ತಗೀರ್ ಅಣ್ಣ ಮಿಷನ್ನಿನ ಮೇಲೆ ಪೇಪರು ಹಾಸಿಕೊಂಡು, ಸಾಲಿನ ಕೆಳಗೆ ಬೆರಳಿಟ್ಟು ತುಟಿ ಅಲ್ಲಾಡಿಸುತ್ತಿದ್ದರು. ನನ್ನನ್ನು ಕಂಡು ಸ್ಟೂಲು ಒರೆಸಿ ಕೊಟ್ಟರು.

"ಓದೂದು ಕಲತ ಬಿಟ್ಟೆ ನೋಡವಾ, ಈಗ ಬಿಡಾಕ ಆಗವಲ್ದು" ಎಂದರು. "ಬಸ್ಸಿನ ಬೋರ್ಡು, ಗ್ವಾಡಿ ಮ್ಯಾಲಿಂದು, ಪುಡಿ ಕಟ್ಟಿದ ಹಾಳಿ, ಎಲ್ಲಾ ಓದತೇನಿ. ಓದಿ ತಿರುಗಿ ನೋಡತೇನಿ. ಸರಿ ಓದಿದ್ನೋ ಇಲ್ಲೋ ಅನ್ನಾಕ ಯಾರೂ ಇಲ್ಲ."

ತಿಕೋಟಾದ ಬಸ್ಸಿಗೆ ಹೊತ್ತಾಗಿತ್ತು. ಕೀಬೋರ್ಡಿನ ಪೆಟ್ಟಿಗೆಯನ್ನು ಕೆಳಗಿಟ್ಟೆ.

"ಓದ್ರಿ ಅಣ್ಣಾರ" ಎಂದೆ. "ನಾ ಕೇಳತೇನಿ."

ಅವರು ಕನ್ನಡಕ ಸರಿಮಾಡಿಕೊಂಡು ಪೇಪರನ್ನು ಹತ್ತಿರಕ್ಕೆ ಎಳೆದುಕೊಂಡರು. ಕೆರೆಗೆ ನೀರು ಬಿಡುವ ಸುದ್ದಿ. 'ಗ್ರಾಮಸ್ಥರು' ಎಂಬಲ್ಲಿ ಬೆರಳು ನಿಂತಿತು. ಎರಡು ಮೂರು ಸಲ ಎಡವಿದರು. ನಾನು ಬಾಯಿ ಹಾಕಲಿಲ್ಲ. ಕೊನೆಗೆ ಪೂರ್ತಿ ಹೇಳಿ, ತಲೆ ಎತ್ತಿ ನನ್ನ ಮುಖ ನೋಡಿದರು.

"ಸರಿ ಐತ್ರಿ" ಎಂದೆ. "ಮುಂದ ಓದ್ರಿ."