ಹೊಂಗೆ ಮರ ಉಳಿಸಲು ಹೊರಟ ಬಾಯಿ

ನನ್ನ ಬಾಯಿಯ ವಿಷಯ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಆಕ್ಷೇಪಿಸಬಾರದು. "ಬಿಪಿಗೆ ಮಾತ್ರೆ ಕೊಟ್ಟ ಡಾಕ್ಟ್ರು ನಿಮ್ಮ ಬಾಯಿಗೂ ಏನಾದ್ರೂ ಬರೆದುಕೊಡಬಾರದಿತ್ತಾ ರೀ" ಎಂದು ನನ್ನ ಹೆಂಡತಿ ಕೇಳುತ್ತಲೇ ಇರುತ್ತಾಳೆ. ಪದ್ಮನಾಭನಗರದ ನಮ್ಮ ಅಡ್ಡರಸ್ತೆಯಲ್ಲಿ ಪರಿಸರಕ್ಕೆ ನಾನೇ ವಕೀಲ. ಯಾರೂ ನೇಮಿಸಿಲ್ಲ, ಯಾರಿಗೂ ಬೇಕಾಗಿಯೂ ಇಲ್ಲ. ಪ್ಲಾಸ್ಟಿಕ್ ಕವರಿನಲ್ಲಿ ಸೊಪ್ಪು ತರುವವರನ್ನು ನಡುಬೀದಿಯಲ್ಲಿ ನಿಲ್ಲಿಸಿ, ಸೊಪ್ಪು ಬಾಡುವ ತನಕ ಭಾಷಣ ಬಿಗಿಯುತ್ತೇನೆ. ಒಮ್ಮೆ ಹೊಸಕೆರೆಹಳ್ಳಿ ಕೆರೆಯ ಹತ್ತಿರ ಒಂದಷ್ಟು ಜನ ಕೆರೆ ಉಳಿಸಿ ಎಂದು ಕೈ ಕೈ ಹಿಡಿದು ನಿಂತಾಗ ನಾನೂ ಹೋಗಿದ್ದೆ. ಕಾರಿನಲ್ಲಿ. ಎಸಿ ಹಾಕಿಕೊಂಡು. ಎಲ್ಲೂ ಜಾಗ ಸಿಗದೆ ಅವರು ನಿಂತಿದ್ದ ಕಡೆಯೇ ಗಾಡಿ ನುಗ್ಗಿಸಿ ನಿಲ್ಲಿಸಿದ್ದರಿಂದ ಆ ಸಾಲು ನನ್ನ ಕಾರಿನ ಈಚೆ ಒಂದು, ಆಚೆ ಒಂದು ಆಯಿತು. ಘೋಷಣೆ ಮಾತ್ರ ನನ್ನದೇ ಜೋರಾಗಿತ್ತು.

ಆ ಕಾರಿಗೆ ನೆರಳು ಕೊಡುತ್ತಿದ್ದದ್ದು ಎದುರುಮನೆಯ ಗೇಟಿಗೆ ಒತ್ತಿಕೊಂಡು ನಿಂತಿದ್ದ ಹೊಂಗೆ ಮರ. ಬೀದಿ ಇಕ್ಕಟ್ಟಾದ್ದರಿಂದ ಅವರ ಮರದ ನೆರಳು ಮಧ್ಯಾಹ್ನ ನನ್ನ ಗಾಡಿಯ ಮೇಲೆ ಬೀಳುತ್ತಿತ್ತು. ಬೇಸಿಗೆಯಲ್ಲೂ ಸ್ಟೀರಿಂಗ್ ಮುಟ್ಟಿದರೆ ಕೈ ಸುಡುತ್ತಿರಲಿಲ್ಲ. ಇಷ್ಟು ದೊಡ್ಡ ಪರಿಸರವಾದಿ ಆ ಮರವನ್ನು ಅಷ್ಟು ಪ್ರೀತಿಸಲು ಇದೇ ಮುಖ್ಯ ಕಾರಣ. ಹೊರಗೆ ಹೇಳಿಕೊಳ್ಳುವಾಗ ಹಕ್ಕಿ, ಚಿಟ್ಟೆ, ಮುಂದಿನ ಪೀಳಿಗೆ ಎಂದೆಲ್ಲ ಹೇಳುತ್ತಿದ್ದೆ.

ಎದುರುಮನೆಯ ಯಜಮಾನರು ಇಲ್ಲಿಯ ಹಳೇ ಹಳ್ಳಿಯವರು. ಲೇಔಟ್ ಬರುವ ಮುಂಚೆ ಇಲ್ಲೇ ಬೇಸಾಯ ಮಾಡಿಕೊಂಡಿದ್ದ ಮನೆತನ; ಈಗ ಮೂರಂತಸ್ತು ಕಟ್ಟಿಸಿ ಬಾಡಿಗೆಗೆ ಕೊಟ್ಟು, ಕೆಳಗೆ ಹೆಂಡತಿಯೊಂದಿಗೆ ತಾವಿದ್ದಾರೆ. ನಾನೂ ಅವರೂ ಬೆಳಿಗ್ಗೆ ಪಾರ್ಕಿನಲ್ಲಿ ಸುತ್ತು ಹಾಕಿ, ಮೂಲೆಯ ದರ್ಶಿನಿಗೆ ಹೋಗಿ, ಬೈ ಟೂ ಕಾಫಿ ಹೇಳುವುದು ವರ್ಷಗಳಿಂದ ನಡೆದು ಬಂದದ್ದು. ಒಂದೇ ಕಾಫಿಯನ್ನು ಎರಡು ಪುಟ್ಟ ಲೋಟಕ್ಕೆ ಹಂಚಿ ಕೊಡುತ್ತಾರಲ್ಲ, ಅದು. ಒಂದು ಪೂರ್ತಿ ಕಾಫಿ ಕುಡಿಯುವ ಶಕ್ತಿ ಇಬ್ಬರಿಗೂ ಇತ್ತು. ಆದರೆ ಜಗಳವಾಡಲು ಎದುರಿಗೆ ಒಬ್ಬರು ಬೇಕಲ್ಲ.

ಜಗಳ ಬಹುಪಾಲು ಪೆಟ್ರೋಲಿನದು. ಅವರದೊಂದು ಪಕ್ಷ, ನನ್ನದೊಂದು. ಅವರ ಪಕ್ಷ ಅಧಿಕಾರದಲ್ಲಿದ್ದಾಗ ಬೆಲೆ ಏರಿದರೆ ನಾನು ಟೇಬಲ್ ಗುದ್ದಿ, "ಜನಸಾಮಾನ್ಯರ ಗತಿ ಏನ್ರೀ ಯಜಮಾನ್ರೇ?" ಎನ್ನುತ್ತಿದ್ದೆ. ಅವರು ತಣ್ಣಗೆ, "ಹೊರದೇಶದಲ್ಲೇ ಏರಿದೆ ಸಾರ್, ಇವರೇನ್ ಮಾಡ್ತಾರೆ" ಎನ್ನುತ್ತಿದ್ದರು. ಚುನಾವಣೆ ಕಳೆದು ನನ್ನವರು ಬಂದರು, ಬೆಲೆ ಮತ್ತೆ ಏರಿತು. ಮಾರನೆಯ ಬೆಳಿಗ್ಗೆ ನಾನು "ಹೊರದೇಶದಲ್ಲೇ ಏರಿದೆ" ಎಂದೆ, ಅವರು ಟೇಬಲ್ ಗುದ್ದಿದರು. ಇಬ್ಬರಿಗೂ ಕಿಂಚಿತ್ತೂ ನಾಚಿಕೆಯಾಗಲಿಲ್ಲ. ಕಾಫಿ ಮಾಡುವವನು ಮಾತ್ರ ಬಗ್ಗಿಕೊಂಡು ನಗುತ್ತಿದ್ದ.

ಅವರ ನನ್ನ ನಡುವೆ ಒಂದೇ ವ್ಯತ್ಯಾಸ. ನಾನು ಮಾತಾಡುವಾಗ ಅವರು ಕಾಯುತ್ತಿದ್ದರು. ಅವರು ಮಾತಾಡುವಾಗ, ಅರ್ಧಕ್ಕೇ ಬಾಯಿ ಹಾಕುವುದು ನನ್ನ ಜನ್ಮಸಿದ್ಧ ಹಕ್ಕು ಎಂದುಕೊಂಡಿದ್ದೆ.

ಇಂಥ ಒಂದು ಜಗಳದ ಬಿಸಿಯಲ್ಲೇ ನನಗೆ ಹೊಂಗೆ ಎಣ್ಣೆಯ ಹುಚ್ಚು ಹಿಡಿಯಿತು. ಹೊಂಗೆ ಬೀಜದ ಎಣ್ಣೆಯಲ್ಲಿ ಗಾಡಿ ಓಡಿಸಬಹುದೆಂದು ಎಲ್ಲೋ ಓದಿದ್ದೆ. "ನಮ್ಮ ಬೀದಿ ಮರದಲ್ಲೇ ಎಣ್ಣೆ ಜೋತಾಡ್ತಿದೆ, ನಾವು ಮರಳುಗಾಡಿನ ಕಡೆ ಬಾಯಿ ಬಿಟ್ಕೊಂಡು ಕೂತಿದೀವಿ!" ಎಂದು ಸಾರಿ, ಮರದ ಕೆಳಗೆ ಉದುರಿದ ಕಾಯಿಯನ್ನೆಲ್ಲ ಗುಡಿಸಿ, ಗೋಣಿಚೀಲಕ್ಕೆ ತುಂಬಿ, ಮಹಡಿಯ ಮೇಲೆ ಒಣಹಾಕಿದೆ. ಬಟ್ಟೆ ಒಣಗಿಸಲು ಜಾಗ ಹೋಯಿತು. "ರೀ, ನಿಮ್ಮ ಪೆಟ್ರೋಲ್ ಬಂಕಿಗೆ ಹುಳ ಬಿದ್ದಿದೆ, ಬಂದು ನೋಡಿ" ಎಂದು ಹೆಂಡತಿ ಮೆಟ್ಟಿಲ ಮೇಲಿಂದ ಕೂಗುವಳು.

ಹುಳ ಬಿಟ್ಟು ಮಿಕ್ಕಿದ್ದನ್ನು ಕಾರಿಗೆ ಹಾಕಿಕೊಂಡು ಬೇಗೂರಿನ ಆಚೆ ಎಣ್ಣೆ ತೆಗೆದುಕೊಡುವ ಒಂದು ಗಾಣ ಹುಡುಕಿಕೊಂಡು ಹೋದೆ. ದಾರಿ ತಪ್ಪಿ, ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು, ಸಂಜೆ ವಾಪಸು ಬಂದಾಗ ನನ್ನ ಕೈಯಲ್ಲಿ ಕೆಮ್ಮಿನ ಔಷಧಿಯ ಸೀಸೆಯಷ್ಟು ಎಣ್ಣೆ ಇತ್ತು. ಅಷ್ಟಕ್ಕೆ ನಾನು ಸುಟ್ಟ ಪೆಟ್ರೋಲ್ ಎಷ್ಟೆಂದು ಹೆಂಡತಿ ಕೇಳಿದಳು. ನಾನು ಕಿವುಡನಾದೆ.

ಮಾರನೆಯ ದಿನ ಆ ಸೀಸೆಯನ್ನು ಪದಕದಂತೆ ದರ್ಶಿನಿಗೆ ಒಯ್ದೆ. ಯಜಮಾನರು ಮುಚ್ಚಳ ತೆಗೆದು ಮೂಸಿದರು. ಬಹಳ ಹೊತ್ತು ಮೂಸಿದರು.

"ನಮ್ಮಜ್ಜಿ ಇದೇ ಎಣ್ಣೇಲಿ ದೀಪ ಹಚ್ತಿದ್ರು ಸಾರ್. ಆ ಮರ ನಮ್ಮ ರಾಗಿ ಹೊಲದ ಬದೂನಲ್ಲಿ ಇದ್ದಿದ್ದು. ಊಟದ ಹೊತ್ತಿಗೆ ಎಲ್ಲಾ ಅದರ ಬುಡದಲ್ಲೇ..."

"ಅದೇ ನಾನು ಹೇಳೋದು ಯಜಮಾನ್ರೇ!" ಎಂದು ನಡುವೆ ನುಗ್ಗಿ, ತೈಲದ ಆಮದು, ದೇಶದ ಸ್ವಾವಲಂಬನೆ ಎಂದು ಶುರು ಹಚ್ಚಿಕೊಂಡೆ. ಅವರು ಮುಚ್ಚಳ ತಿರುಗಿಸಿ ಸೀಸೆ ವಾಪಸು ಕೊಟ್ಟರು. ಅಜ್ಜಿಯ ಕಥೆ ಅಲ್ಲಿಗೇ ನಿಂತಿತು.

ಇಂಥ ಮನುಷ್ಯರು ಕೆಲವು ತಿಂಗಳ ಮೇಲೆ ಅದೇ ಮರ ಕಡಿಸಲು ಅರ್ಜಿ ಹಾಕಿದ್ದಾರೆಂಬ ಸುದ್ದಿ ಬಂದಾಗ ನನಗೆ ಮೈಯೆಲ್ಲ ಉರಿದುಹೋಯಿತು. ಕಾರಣ ಇಷ್ಟೇ: ಬುಡ ದಪ್ಪವಾಗಿ ಗೇಟಿಗೆ ಅಡ್ಡ ಬಂದಿತ್ತು, ಬಾಡಿಗೆಯವರ ಗಾಡಿಗಳು ಒಳಗೆ ಹೋಗುತ್ತಿರಲಿಲ್ಲ, ಬಂದವರು ನೋಡಿಕೊಂಡು ವಾಪಸು ಹೋಗುತ್ತಿದ್ದರು. ಅಕ್ಕಪಕ್ಕದವರ ಅಭಿಪ್ರಾಯ ಕೇಳಲು ಅಧಿಕಾರಿ ಬರುತ್ತಾರೆಂದು ಪಾಲಿಕೆಯವರು ಮರಕ್ಕೆ ಒಂದು ಚೀಟಿ ಅಂಟಿಸಿದರು. ನಾನು ಮನೆಮನೆಗೆ ಹೋಗಿ ಜನ ಸೇರಿಸಿದೆ. ಅಷ್ಟೂ ದಿನ ದರ್ಶಿನಿಗೆ ಹೋಗಲಿಲ್ಲ. ಶತ್ರುವಿನ ಜೊತೆ ಕಾಫಿ ಎಂಥದ್ದು ಎಂಬ ಗತ್ತು. ಕನ್ನಡಿಯ ಮುಂದೆ ನಿಂತು ಭಾಷಣ ಅಭ್ಯಾಸ ಮಾಡಿದೆ. ಕೈ ಎತ್ತುವ ಜಾಗದಲ್ಲಿ ಕೈ ಎತ್ತಿ ನೋಡಿಕೊಂಡೆ.

ಅಧಿಕಾರಿಯಾಗಿ ಬಂದವರು ಒಬ್ಬ ಸಮಾಧಾನದ ಹೆಂಗಸು. ಮರದ ಕೆಳಗೇ ಕುರ್ಚಿ ಹಾಕಿ ಕೂರಿಸಿದೆವು. ಬೀದಿಯವರೆಲ್ಲ ನನ್ನ ಹಿಂದೆ ನಿಂತರು; ನನಗೆ ಎದೆ ಉಬ್ಬಿತು. ಯಜಮಾನರು ಬಿಳಿ ಅಂಗಿ ಹಾಕಿಕೊಂಡು ಬಂದು, ಎಲ್ಲರಿಗೂ ನಮಸ್ಕಾರ ಮಾಡಿ ಶುರು ಮಾಡಿದರು.

"ಮೇಡಂ, ಅರ್ಜಿ ಕೊಟ್ಟಿರೋನು ನಾನೇ. ಗೇಟಿಗೆ ಅಡ್ಡ ಆಗಿದೆ, ನಿಜ. ಆದ್ರೆ..."

ಗಂಟಲು ಸರಿಮಾಡಿಕೊಳ್ಳಲು ಒಂದು ಕ್ಷಣ ನಿಂತರು. ನನಗೆ ಅಷ್ಟು ಸಾಕಾಯಿತು.

"ಆದ್ರೆ ಏನ್ರೀ ಆದ್ರೆ? ಪೆಟ್ರೋಲ್ ಗಾಡಿ ನುಗ್ಗಿಸೋಕೆ ಮರ ಕಡೀಬೇಕಾ?" ಎಂದೆ. ಅಲ್ಲಿಗೆ ನಿಲ್ಲಿಸಿದ್ದರೂ ಆಗುತ್ತಿತ್ತು. ನನ್ನ ಪೆಟ್ರೋಲ್ ಗಾಡಿ ಅದೇ ನೆರಳಿನಲ್ಲಿ ತಣ್ಣಗೆ ನಿಂತಿತ್ತು, ಅದನ್ನು ನೋಡಿಯಾದರೂ ನಿಲ್ಲಿಸಬಹುದಿತ್ತು. ಹಿಂದೆ ಯಾರೋ ಚಪ್ಪಾಳೆ ತಟ್ಟಿದರು, ಕೆಟ್ಟದ್ದು ಅದೇ. ಕನ್ನಡಿಯ ಮುಂದೆ ಅಭ್ಯಾಸ ಮಾಡದ ಒಂದು ಮಾತು ನನ್ನ ಬಾಯಿಂದ ಬಂತು.

"ಹೊಲ ಮಾರ್ಕೊಂಡು ಬಾಡಿಗೆ ತಿನ್ನೋರಿಗೆ ಮರದ ಬೆಲೆ ಏನ್ ಗೊತ್ತಾಗುತ್ತೆ?"

ಚಪ್ಪಾಳೆ ತಟ್ಟಿದವರು ಕೈ ಕೆಳಗಿಳಿಸಿದರು. ಯಜಮಾನರು ನನ್ನ ಕಡೆ ತಿರುಗಿದರು. ದನಿ ಏರಿಸಲಿಲ್ಲ.

"ನಾವು ಮಾರ್ಲಿಲ್ಲ ಸಾರ್. ಲೇಔಟ್‌ಗೆ ಅಂತ ತಗೊಂಡ್ರು. ನೀವಿರೋ ಮನೆ ನಮ್ಮ ಹೊಲ."

ನಾನು ತಿರುಗಿ ನನ್ನ ಮನೆಯ ಕಡೆ ನೋಡಿದೆ. ಅವರು ಅಧಿಕಾರಿಯ ಕಡೆ ತಿರುಗಿ, "ಕಡಿಸಿಬಿಡಿ ಮೇಡಂ" ಎಂದು ಒಳಗೆ ಹೋದರು. ಬೇರೆಯವರೇನಾದರೂ ಹೇಳುವುದಿದೆಯೇ ಎಂದು ಅಧಿಕಾರಿ ಕೇಳಿದರು. ನಾನು ಸೇರಿಸಿದ್ದ ಜನವೆಲ್ಲ ನೆಲ ನೋಡುತ್ತಿದ್ದರು. ಒಬ್ಬ ಹಿರಿಯರು, "ನಮ್ಮದೇನೂ ಇಲ್ಲಮ್ಮ, ಅವರ ಮನೆ ಮುಂದಿನ ಮರ, ಅವರಿಷ್ಟ" ಎಂದರು. ಮಿಕ್ಕವರು ಮೆಲ್ಲಗೆ ಚಪ್ಪಲಿ ಎಳೆದುಕೊಂಡು ಮನೆಗೆ ಹೋದರು. ಕನ್ನಡಿಯ ಭಾಷಣ ನನ್ನ ಜೇಬಿನಲ್ಲೇ ಉಳಿಯಿತು.

ಮರ ಕಡಿಯುವ ದಿನ ನಾನು ಕರ್ಟನ್ನಿನ ಸಂದಿಯಿಂದ ನೋಡಿದೆ. ಹಗ್ಗ ಕಟ್ಟಿ ಒಂದೊಂದೇ ಕೊಂಬೆ ಇಳಿಸಿದರು. ಬೀದಿ ತುಂಬ ಹಸಿ ಸೊಪ್ಪಿನ ವಾಸನೆ. ಎದುರುಮನೆಯ ಕಿಟಕಿಯ ಕರ್ಟನ್ ಕೂಡ ಸ್ವಲ್ಪ ಸರಿದಿತ್ತು. ನನ್ನ ಹೆಂಡತಿ ಕಾರಿನ ಕವರ್ ತಂದು ನನ್ನ ಕಾಲ ಬಳಿ ಹಾಕಿದಳು. ಅವಳು ಬೈದಿದ್ದರೆ ಚೆನ್ನಾಗಿತ್ತು.

ಅದಾದ ಮೇಲೆ ಎದುರುಮನೆಗೆ ಹೊಸ ಗೇಟು ಬಂತು. ನಾನು ಕರ್ಟನ್ ಹಿಂದೆಯೇ ಇದ್ದೆ, ಬೇರೆ ಕೆಲಸವೇನಿತ್ತು. ವೆಲ್ಡಿಂಗ್‌ನವರು ಆ ಗೇಟನ್ನು ಮರ ಇದ್ದ ಕಡೆ ಕೂರಿಸಲೇ ಇಲ್ಲ. ಕಾಂಪೌಂಡಿನ ಆಚೆ ತುದಿಯ ಗೋಡೆ ಒಡೆದು ಅಲ್ಲಿ ನಿಲ್ಲಿಸಿದರು. ಇದ್ಯಾಕೆ ಹೀಗೆ ಎಂದು ನನಗೆ ತಲೆಬುಡ ತಿಳಿಯಲಿಲ್ಲ. ಎದುರುಮನೆಯಾಕೆ ಹೂವಿನವಳ ಹತ್ತಿರ ನಿಂತಾಗ ನನ್ನ ಹೆಂಡತಿ ಕೇಳಿಕೊಂಡು ಬಂದಳು.

"ಮೀಟಿಂಗಿಗೆ ಮುಂಚೇನೇ ಗೇಟಿಗೆ ಹೇಳಿಬಿಟ್ಟಿದ್ರಂತೆ ರೀ. ಮರ ಇರ್ಲಿ, ಗೇಟೇ ಆ ಕಡೆ ಮಾಡಿಸೋಣ ಅಂತ. ಅರ್ಜಿ ವಾಪಸ್ ತಗೊಳ್ತೀನಿ ಅಂತ ಹೇಳೋಕೇ ಅವತ್ತು ಬಂದಿದ್ದಂತೆ."

ನನಗೆ ಅಳು ಬಂತು. ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತೆ. ನೀರು ಪೋಲಾಗುತ್ತಿದೆ ಎಂದು ನೆನಪಾಗಿ, ನಲ್ಲಿ ನಿಲ್ಲಿಸಿ ಅತ್ತೆ.

ದರ್ಶಿನಿಗೆ ಅವರು ಬರುವ ಹೊತ್ತು ತಪ್ಪಿಸಿ ಹೋಗಲು ಶುರುಮಾಡಿದೆ. ಮೊದಲ ದಿನವೇ ಅಭ್ಯಾಸಬಲದಿಂದ "ಬೈ ಟೂ" ಎಂದುಬಿಟ್ಟೆ. ಕ್ಯಾಷಿನಲ್ಲಿದ್ದವನು "ಇನ್ನೊಬ್ರು ಎಲ್ಲಿ ಸಾರ್?" ಎಂದು ಕೇಳಿದ್ದಕ್ಕೆ, "ಬರ್ತಾರೆ, ನಿನಗ್ಯಾಕೆ?" ಎಂದು ರೇಗಿ, ಎರಡೂ ಲೋಟ ನಾನೇ ಕುಡಿದು ಬಂದೆ. ಮರುದಿನವೂ ನಾಲಿಗೆ ಅದನ್ನೇ ಹೇಳಿತು. ಕೊನೆಗೆ ಅದೇ ರೂಢಿಯಾಯಿತು.

ಒಂದು ಬೆಳಿಗ್ಗೆ ಮನೆಗೆ ನೆಂಟರು ಬಂದರೆಂದು ಇಡ್ಲಿ ಕಟ್ಟಿಸಲು ಬೇಗ ಹೋಗಬೇಕಾಯಿತು. ಯಜಮಾನರು ನಮ್ಮ ಮಾಮೂಲಿ ಟೇಬಲ್ಲಿನ ಬಳಿ ಒಬ್ಬರೇ ನಿಂತಿದ್ದರು. ಮುಂದೆ ಎರಡು ಪುಟ್ಟ ಲೋಟ. ಒಂದನ್ನು ಕುಡಿಯುತ್ತಿದ್ದರು, ಇನ್ನೊಂದು ಹಾಗೇ ಇತ್ತು. ಕಾಫಿ ಮಾಡುವವನ ಹತ್ತಿರ ಹೋಗಿ, "ಅವರು ದಿನಾ ಹಿಂಗೇನಾ?" ಎಂದು ಪಿಸುಗುಟ್ಟಿದೆ.

"ಹೂಂ ಸಾರ್. ಅವರು ಅರ್ಧ ಬಿಟ್ಟು ಹೋಗ್ತಾರೆ, ನೀವು ಎರಡೂ ಕುಡೀತೀರ. ಇಬ್ರೂ ಮಾತಾಡ್ಕೊಳ್ಳಿ ಸಾರ್, ನಮಗೆ ಲೋಟ ತೊಳೆದು ಸಾಕಾಯ್ತು."

ಕಾಲು ಹೇಗೆ ಆ ಟೇಬಲ್ಲಿನ ತನಕ ಹೋಯಿತೋ ಗೊತ್ತಿಲ್ಲ. ಆ ಎರಡನೆಯ ಲೋಟ ಎತ್ತಿಕೊಂಡೆ. ಯಜಮಾನರು ನೋಡಿದರು.

"ಆರಿಹೋಗಿದೆ ಸಾರ್."

"ಪರ್ವಾಗಿಲ್ಲ. ಯಜಮಾನ್ರೇ, ಹೊಲದ ಮಾತು ನಾನು ಆಡಬಾರದಿತ್ತು. ತಪ್ಪಾಯ್ತು."

ಅವರು ಲೋಟ ಕೆಳಗಿಟ್ಟರು. ರಸ್ತೆ ನೋಡುತ್ತ ನಿಂತರು. ಅಂದು ಬೆಳಿಗ್ಗೆಯಷ್ಟೇ ಪೆಟ್ರೋಲ್ ಮತ್ತೆ ಏರಿತ್ತು. ಪಕ್ಕದ ಟೇಬಲ್ಲಿನಲ್ಲಿ ಅದೇ ಮಾತು ನಡೆದಿತ್ತು. ಅವರು ಆ ಕಡೆಗೊಮ್ಮೆ ಕಿವಿಗೊಟ್ಟು, ನನ್ನ ಕಡೆ ತಿರುಗಿದರು.

"ಪೆಟ್ರೋಲ್ ಏರ್ಸಿದ್ದಾರೆ ನಿಮ್ಮೋರು. ಅವರ ಪರ ನೀವು ಏನೇ ಹೇಳಿದ್ರೂ ಇವತ್ತು ನಾನು ಒಪ್ಪಲ್ಲ. ಆದ್ರೆ..."

ಎಂದು ಲೋಟ ಎತ್ತಿದರು. ಹೊರದೇಶದಲ್ಲೇ ಏರಿದೆ ಎನ್ನುವ ಉತ್ತರ ನನ್ನ ನಾಲಿಗೆಯ ತುದಿಗೆ ಬಂದು ಕುಣಿಯುತ್ತಿತ್ತು. ಹಲ್ಲು ಕಚ್ಚಿದೆ. ಅವರು ನಿಧಾನವಾಗಿ ಒಂದು ಗುಟುಕು ಕುಡಿದು, ಮೀಸೆ ಒರೆಸಿಕೊಂಡು ಮಾತು ಮುಗಿಸಿದರು.

"ಆದ್ರೆ ನಿಮ್ಮ ಕಾರು ಬಿಸಿಲಲ್ಲಿ ಸುಡ್ತಾ ಇರುತ್ತೆ, ದಿನಾ ನೋಡ್ತೀನಿ. ನಮ್ಮ ಕಾಂಪೌಂಡ್ ಒಳಗೆ ಶೀಟ್ ಕೆಳಗೆ ನಿಲ್ಲಿಸ್ಕೊಳಿ. ಹೊಸ ಗೇಟು ಅಗಲವಾಗಿದೆ."

ನಾನು ತಣ್ಣಗಿನ ಆ ಕಾಫಿಯನ್ನು ಪೂರ್ತಿ ಕುಡಿದೆ. ಅವರ ಮಾತು ಮುಗಿಯುವ ತನಕ ನಾನು ಕಾದದ್ದು ಅದೇ ಮೊದಲು. ಕಾಯಲು ಹಿಡಿದದ್ದು ಒಂದು ಗುಟುಕು ಕಾಫಿಯಷ್ಟು ಹೊತ್ತು. ಅವತ್ತು ಮರದ ಕೆಳಗೂ ಅಷ್ಟೇ ಸಾಕಿತ್ತು.