ಉಗುರಿಗೆ ಸಿಗದ ಕಲೆ

ನಮ್ಮ ಮನೆಯವರದ್ದೊಂದು ಪದ್ಧತಿ. ಬೆಳಿಗ್ಗೆ ತಮ್ಮ ಸ್ನಾನವಾದ ಮೇಲೆ ಗಾಡಿಗೂ ಸ್ನಾನವಾಗಬೇಕು. ತುಂಬಿದ ತಂಬಿಗೆ ಹಿಡಿದು ಪಾರ್ಕಿಂಗಿಗೆ ಇಳಿಯುವುದು, ಕಾರಿನ ಮುಂದಿನ ಗಾಜಿಗೂ ತಾವು ಕೂರುವ ಬದಿಯ ಕಿಟಕಿಗೂ ನೀರೆರೆಯುವುದು, ಕೈ ಮುಗಿಯುವುದು. ಒರೆಸುವ ಮಾತೇ ಇಲ್ಲ. ಎರೆದ ನೀರು ತಾನೇ ಆರಬೇಕು ಎನ್ನುವುದು ಅವರ ಶಾಸ್ತ್ರ. ಊರಲ್ಲಿ ಸ್ಕೂಟರ್ ಇದ್ದಾಗ ಹೊಳೆಯ ನೀರಿಗೆ ಅದೆಲ್ಲ ನಡೆಯಿತು. ಈಗ ಮಗಳ ಜೊತೆಗಿರುವ ವಾಕಡದಲ್ಲಿ ನಮ್ಮ ನಳಕ್ಕೆ ಬರುವುದು ಬೋರಿನ ನೀರು, ಪಾತ್ರೆಯ ತಳಕ್ಕೆ ಸುಣ್ಣ ಕಟ್ಟುವಂಥದ್ದು. ಗಾಜಿನ ತುಂಬ ಬಿಳಿ ಕಲೆ ಎದ್ದವು. ನಾನು ಹೇಳಿ ಹೇಳಿ ಸೋತೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ!

ಕಳೆದ ಚಳಿಗಾಲದಲ್ಲಿ ಒಂದು ದಿನ ಮೊಮ್ಮಗಳನ್ನು ಶಾಲೆಗೆ ಬಿಡಲು ಹೋದಾಗ ಇವರು ತಿರುವಿನಲ್ಲಿ ಒಂದು ಸ್ಕೂಟರಿಗೆ ಕಾರು ತಾಗಿಸಿಬಿಟ್ಟರು. ಯಾರಿಗೂ ಪೆಟ್ಟಾಗಲಿಲ್ಲ, ದೇವರು ದೊಡ್ಡವನು. ಸಂಜೆ ಆಫೀಸಿನಿಂದ ಬಂದ ಮಗಳು ಚಪ್ಪಲಿ ಬಿಡುವ ಮೊದಲೇ ಹೇಳಿದಳು: ‘ಅಪ್ಪಾ, ಇನ್ನ ಮ್ಯಾಲೆ ಆಕೀನ್ನ ಸಾಲಿಗೆ ನೀವು ಬಿಡೋದು ಬ್ಯಾಡ.’

‘ನನ್ನ ಕಣ್ಣಿಗೇನೂ ಆಗಿಲ್ಲ,’ ಎಂದರು ಇವರು. ‘ಬಿಸಲಿಗೆ ಗ್ಲಾಸಿನ ಮ್ಯಾಲಿನ ಕಲಿ ಹೊಳದ್ವು. ಗಾಡಿ ಕಾಣಲಿಲ್ಲ.’

ನಾನು ನಡುವೆ ಬಾಯಿ ಹಾಕಿದೆ. ‘ಗ್ಲಾಸಿನ ದೋಷ ಅಂತ ಹೇಳಾಕತ್ತಾರಲ್ಲ! ನಾಳೆ ಸಾಲಿ ಸೂಟಿ ಅದ. ನಾನs ತಿಕ್ಕಿ ಸ್ವಚ್ಛ ಮಾಡ್ತೀನಿ. ಆಮ್ಯಾಲೆ ಮಾತಾಡು.’

ನೌಕರಿಯಿಂದ ನಿವೃತ್ತರಾದ ಮೇಲೆ ಆ ಶಾಲೆಯ ದಾರಿಯೊಂದೇ ಈ ಮನುಷ್ಯನನ್ನು ಗಡ್ಡ ಕೆರೆದು, ಇಸ್ತ್ರಿಯ ಅಂಗಿ ತೊಟ್ಟು ಹೊರಡುವಂತೆ ಮಾಡುತ್ತಿತ್ತು. ಅದೂ ತಪ್ಪಿದರೆ ಟಿವಿಯ ಮುಂದಿನ ಕುರ್ಚಿಯಲ್ಲೇ ಮುದುಕರಾಗಿಬಿಡುತ್ತಾರೆಂದು ನನಗೆ ಹೆದರಿಕೆ.

ಬೆಳಿಗ್ಗೆ ವಿನೆಗರ್, ನೀರು, ಹಳೆಯ ಧೋತರದ ತುಂಡುಗಳನ್ನು ತೆಗೆದುಕೊಂಡು ಇಳಿದೆ. ಇವರು ಹಿಂದೆಯೇ ಬಂದರು. ಬಾರದೆ ಇರುತ್ತಾರೆಯೇ?

‘ಹುಣಸಿಹಣ್ಣು, ಉಪ್ಪು ಹಚ್ಚಿ ತಿಕ್ಕು. ದೇವರ ಸಾಮಾನು ಹ್ಯಾಂಗ ಫಳಫಳ ಅಂತಾವ!’

‘ಉಪ್ಪಿನ ಹರಳಿಗೆ ಗ್ಲಾಸು ಗೀರತದ್ರೀ. ಸುಮ್ನ ನಿಂದರ್ರಿ.’

ವಿನೆಗರಿನಲ್ಲಿ ನೆನೆಸಿದ ಬಟ್ಟೆಯನ್ನು ಗಾಜಿಗೆ ಅಂಟಿಸಿ, ಕಲೆ ಮೆತ್ತಗಾಗುವವರೆಗೆ ಕಾದು, ಆಮೇಲೆ ತಿಕ್ಕಿದೆ. ಮೊದಲ ಸಲಕ್ಕೆ ಏನೂ ಆಗಲಿಲ್ಲ. ಕಲೆ ಹೋಗದಿದ್ದರೆ ಎಂಬ ಭಯಕ್ಕಿಂತ ಹೋದಮೇಲೆ ಏನು ಎಂಬ ಭಯವೇ ಹೆಚ್ಚಾಗಿತ್ತು. ಆದರೂ ಹಟ ಹಿಡಿದು ಒಂದೊಂದೇ ಕಲೆಯನ್ನು ಮತ್ತೆ ನೆನೆಸಿ ತಿಕ್ಕಿದೆ. ಒರೆಸಿದ ಮೇಲೆ ಉಗುರಿನಿಂದ ಸವರಿ ನೋಡುತ್ತಿದ್ದೆ. ಸುಣ್ಣ ಉಳಿದಿದ್ದರೆ ಉಗುರು ತಡೆಯುತ್ತದೆ, ಇಲ್ಲದಿದ್ದರೆ ಜಾರುತ್ತದೆ. ಬಿಸಿಲು ಪಾರ್ಕಿಂಗಿನೊಳಗೆ ಬರುವ ಹೊತ್ತಿಗೆ ನನ್ನ ಹೆಗಲು ಬಿದ್ದುಹೋಗಿತ್ತು, ಉಗುರು ಎಲ್ಲೂ ತಡೆಯುತ್ತಿರಲಿಲ್ಲ.

‘ಕುಂದರ್ರಿ ಒಳಗ. ನೋಡಿ ಹೇಳ್ರಿ.’

ಸ್ಟೇರಿಂಗ್ ಹಿಡಿದು ಕೂತರು. ಮುಖ ಅರಳಿತು. ‘ಭಾರೀ ಆತು ಬಿಡು! ಹೊಸಾ ಗಾಡಿ ಆದಂಗಾತು. ಇಲ್ಲೊಂದು ಉಳದದ ನೋಡು, ಇಷ್ಟs.’

ಅವರು ಬೆರಳಿಟ್ಟ ಕಡೆ ನೋಡಿದೆ. ಉಗುರಿನಿಂದ ಸವರಿದೆ. ಜಾರಿತು. ಏನೂ ಇರಲಿಲ್ಲ. ಆದರೂ ಬಟ್ಟೆ ಅದ್ದಿ ಅಲ್ಲಿಯೇ ತಿಕ್ಕಿದೆ, ಬರಿಯ ಗಾಜನ್ನು.

‘ಹೋತೇನ್ರಿ?’

‘ಇಲ್ಲ. ಸರಿಯಾಗಿ ತಿಕ್ಕು. ಈಗ ಸ್ವಲ್ಪ ಈ ಕಡೆ ಕಾಣಾಕತ್ತದ.’

‘ಬಾಜೂ ಕಿಟಕಿ ನೋಡ್ರಿ,’ ಎಂದೆ.

ನೋಡಿದರು. ‘ಇಲ್ಲೂ ಅದ.’

ಇವರು ನನ್ನ ಮುಖ ನೋಡಿದರು, ನನ್ನ ಕೈಯ ಬಟ್ಟೆ ನೋಡಿದರು. ಆಮೇಲೆ ತಾವೇ ಬಟನ್ ಒತ್ತಿ ಕಿಟಕಿಯ ಗಾಜನ್ನು ಪೂರ್ತಿ ಕೆಳಗಿಳಿಸಿದರು. ನಡುವೆ ಗಾಜೇ ಇಲ್ಲದ ಆ ಕಿಟಕಿಯಿಂದ ಎದುರಿನ ಬಿಳಿ ಗೋಡೆಯನ್ನು ಬಹಳ ಹೊತ್ತು ದಿಟ್ಟಿಸಿದರು. ಎಡಗಣ್ಣು ಮುಚ್ಚಿ ನೋಡಿದರು, ಬಲಗಣ್ಣು ಮುಚ್ಚಿ ನೋಡಿದರು.

‘ಅದ,’ ಎಂದರು.

ಅಯ್ಯೋ ದೇವರೇ ಎಂದುಕೊಂಡೆ. ಸಿಟ್ಟು ಬಂದಿತು. ಯಾರ ಮೇಲೆ ಬಂದಿತೋ ಗೊತ್ತಿಲ್ಲ. ಬಟ್ಟೆಯನ್ನು ಬಕೆಟಿಗೆ ಎಸೆದೆ.

ಇವರು ಕೆಳಗಿಳಿದು, ಕಾರನ್ನು ಸುತ್ತಿ ಬಂದು, ಎಡಗಡೆಯ ಸೀಟಿನಲ್ಲಿ ಕೂತು ಬೆಲ್ಟ್ ಹಾಕಿಕೊಂಡರು. ‘ಕಣ್ಣಿನ ಡಾಕ್ಟರ್ ಕಡೆ ನಡಿ. ನೀನs ಓಡಸು.’

ನನಗೆ ಲೈಸೆನ್ಸ್ ಇದೆ. ಆದರೆ ನಾನು ಓಡಿಸುವುದನ್ನು ಬಿಟ್ಟಿದ್ದೇ ಇವರ ಬಾಯಿಗೆ ಹೆದರಿ. ಪಕ್ಕದಲ್ಲಿ ಕೂತರೆ ಸಾಕು, ‘ಬ್ರೇಕ್ ಹಾಕು’, ‘ಬಸ್ ಬಂತು’, ‘ಕಣ್ಣು ಎಲ್ಲಿಟ್ಟಿ’ ಎಂದು ಜೀವ ತಿನ್ನುತ್ತಿದ್ದರು. ಅಂದು ನಾನೇ ಓಡಿಸಿಕೊಂಡು ಹೊರಟೆ. ನಮ್ಮ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಕಾರು ನಿಂತುಹೋಯಿತು, ಇವರು ಸುಮ್ಮನಿದ್ದರು. ಹೈವೇಯ ಕೆಳಗಿನ ಚೌಕದಲ್ಲಿ ರಿಕ್ಷಾವೊಂದು ಅಡ್ಡ ನುಗ್ಗಿತು, ನಾನು ಗಕ್ಕನೆ ಬ್ರೇಕ್ ಒತ್ತಿದೆ, ಹಿಂದಿನವನು ಹಾರ್ನ್ ಹೊಡೆದ. ಆಗಲೂ ಸುಮ್ಮನಿದ್ದರು.

ಆ ಮೌನವನ್ನು ನನ್ನಿಂದ ತಡೆಯಲಾಗಲಿಲ್ಲ.

‘ಏನರೆ ಬೈರಲ್ಲಾ,’ ಎಂದೆ.

ಇವರು ಥಳಥಳಿಸುವ ಗಾಜಿನ ಕಡೆಗೆ ಮುಖ ಮಾಡಿ ಕೂತಿದ್ದರು.

‘ಕಂಡ್ರಲ್ಲs ಬಯ್ಯೋದು?’