ಹನ್ನೆರಡನೆಯ ಹಾಡು

ಸ್ಟುಡಿಯೋದಲ್ಲಿ ಎಲ್ಲರೂ ಅವಳನ್ನು ಟೇಪಕ್ಕ ಎಂದೇ ಕರೆಯುತ್ತಿದ್ದರು. ಅವಳ ಸ್ವಂತ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಮೂವತ್ತೊಂದು ವರ್ಷದಿಂದ ಹಾಡಿನ ರೀಲುಗಳನ್ನು ಕಾಯುವುದು ಅವಳ ಕೆಲಸ. ಡಬ್ಬಿಗೆ ಚೀಟಿ ಅಂಟಿಸಬೇಕು, ತೇವ ತಾಗದಂತೆ ನೋಡಿಕೊಳ್ಳಬೇಕು, ಯಾರು ಯಾವಾಗ ಕೇಳಿದರೂ ಹುಡುಕಿ ಕೊಡಬೇಕು. "ಟೇಪಕ್ಕನ ಕಪಾಟಲ್ಲಿ ಒಂದು ಗುಂಡುಸೂಜಿನೂ ಕಳೆಯಲ್ಲ" ಎಂದು ಮ್ಯಾನೇಜರು ಬಂದವರೆದುರು ಹೊಗಳುತ್ತಿದ್ದ. ಆಗೆಲ್ಲ ಅವಳು ಏನೋ ನೆಪ ಹೇಳಿ ಹೊರಗೆ ಹೋಗುತ್ತಿದ್ದಳು.

ಕಳೆದದ್ದು ಒಂದಿತ್ತು. ಅದು ಅವಳಿಗೊಬ್ಬಳಿಗೇ ಗೊತ್ತಿತ್ತು.

ಇಪ್ಪತ್ತಾರು ವರ್ಷದ ಹಿಂದೆ ನಾಲ್ವರ ಪಾಪ್ ರಾಕ್ ತಂಡವೊಂದು ಇದೇ ಸ್ಟುಡಿಯೋದಲ್ಲಿ ಹಾಡುತ್ತಿತ್ತು. ಅವರ ಒಂದು ಹಾಡನ್ನು ವೇದಿಕೆಯಲ್ಲಿ ಶುರುಮಾಡಿದರೆ ಸಾಕು, ಜನ ಎದ್ದು ನಿಂತು ಜೊತೆಗೆ ಹಾಡುತ್ತಿದ್ದರು. ಆದರೆ ಕಂಪನಿಯವರು ಉದ್ದವಾಯಿತೆಂದು ಅದನ್ನು ಯಾವ ಆಲ್ಬಮ್ಮಿಗೂ ಸೇರಿಸಲಿಲ್ಲ. ಇದ್ದದ್ದು ಒಂದೇ ರೀಲು, ಟೇಪಕ್ಕನ ಸುಪರ್ದಿನಲ್ಲಿ. ಒಂದು ಮಧ್ಯಾಹ್ನ ಸೋಪಿನ ಜಾಹೀರಾತಿಗೆ ಹೊಸ ರೀಲು ಸಿಗದೆ "ಯಾವುದಾದ್ರೂ ಹಳೇದು ಕೊಡಮ್ಮ, ಬೇಗ" ಎಂದು ಒಳಗಿನಿಂದ ಕೂಗಿದರು. ಮನೆಯಲ್ಲಿ ಮಗಳಿಗೆ ಜ್ವರ. ಅವಳ ಜೀವವೆಲ್ಲ ಅಲ್ಲೇ ಇತ್ತು. ಚೀಟಿ ಓದದೆ ಕೈಗೆ ಸಿಕ್ಕಿದ್ದನ್ನು ಕೊಟ್ಟಳು. ಸಂಜೆ ಡಬ್ಬಿಯ ಚೀಟಿ ಓದಿದಾಗಲೇ ಗೊತ್ತಾಯಿತು, ಕೊಟ್ಟದ್ದು ಆ ಹಾಡಿನ ರೀಲು. ಜಾಹೀರಾತಿನವರು ತಮಗೆ ಬೇಕಾದ ಕಾಪಿ ಮಾಡಿಕೊಂಡು ಹೋಗಿದ್ದರು, ರೀಲಿನಲ್ಲಿ ಹಾಡನ್ನು ಅಳಿಸಿ ಸೋಪು ಕೂತಿತ್ತು. ಖಾಲಿ ಡಬ್ಬಿಯನ್ನು ಅದರ ಜಾಗದಲ್ಲೇ ಇಟ್ಟು, ರೀಲನ್ನು ಸೀರೆಯ ಸೆರಗಿನಲ್ಲಿ ಸುತ್ತಿ ಮನೆಗೆ ಒಯ್ದಳು. ಅಂದಿನಿಂದ ಬಾಯಿಗೆ ಬೀಗ.

ಈಗ ಕಂಪನಿಯವರು ತಂಡದ ಜನಪ್ರಿಯ ಹಾಡುಗಳನ್ನೆಲ್ಲ ಸೇರಿಸಿ ಒಂದೇ ಆಲ್ಬಮ್ ತರಲು ಹೊರಟರು. ಹನ್ನೊಂದು ಹಳೆಯವು, ಹನ್ನೆರಡನೆಯದು ಆ ಹಾಡು. ಮ್ಯಾನೇಜರು ರಿಜಿಸ್ಟರಿನಲ್ಲಿ ಬೆರಳಾಡಿಸಿ, "ಇದೆಯಲ್ಲ, ಐದನೇ ಸಾಲು, ಮೂರನೇ ಡಬ್ಬಿ" ಎಂದು ಕುಣಿದಾಡಿದ. ವಾರದೊಳಗೆ ಪೋಸ್ಟರೂ ಅಚ್ಚಾಯಿತು.

ಮತ್ತೆ ಹಾಡಿಸೋಣವೆಂದರೆ ತಂಡದ ಗಾಯಕನಿಗೆ ಗಂಟಲೇ ಇರಲಿಲ್ಲ. ಎರಡು ವರ್ಷದ ಹಿಂದೆ ಕ್ಯಾನ್ಸರಾಗಿ ಧ್ವನಿಪೆಟ್ಟಿಗೆ ತೆಗೆದಿದ್ದರು. ಜೇಬಿನಲ್ಲೊಂದು ಸಣ್ಣ ಪುಸ್ತಕ ಇಟ್ಟುಕೊಂಡು ಎಲ್ಲವನ್ನೂ ಬರೆದು ತೋರಿಸುತ್ತಿದ್ದ.

ಆ ಹಾಡಿನ ಇನ್ನೊಂದು ಪ್ರತಿ ಎಲ್ಲಾದರೂ ಇದೆಯೇ ಎಂದು ಟೇಪಕ್ಕ ಹುಚ್ಚಿಯಂತೆ ಹುಡುಕಿದಳು. ತಂಡದಲ್ಲಿ ಡ್ರಮ್ ಬಾರಿಸುತ್ತಿದ್ದವನಿಗೆ ಫೋನು ಮಾಡಿದಳು, ಹಳೆಯ ಮೈಕಿನವರ ಗೋದಾಮಿನಲ್ಲಿ ಮೂರು ದಿನ ಧೂಳು ಕುಡಿದಳು. ಯಾವುದೋ ವೇದಿಕೆ ಕಾರ್ಯಕ್ರಮದ ಒಂದು ಕ್ಯಾಸೆಟ್ ಸಿಕ್ಕಿತು. ಅದರಲ್ಲಿ ಜನರ ಗದ್ದಲವೇ ಗದ್ದಲ. ಸಾವಿರ ಗಂಟಲುಗಳ ನಡುವೆ ಅವನ ಗಂಟಲು ಕೇಳಲೇ ಇಲ್ಲ. ಆ ರಾತ್ರಿ ಊಟಕ್ಕೆ ಕೂತಾಗ ಗಂಡನಿಗೆ ಮೊದಲ ಸಲ ಎಲ್ಲವನ್ನೂ ಹೇಳಿದಳು.

"ಒಂದು ಹಾಡಿಗೆ ಹೀಗೆ ಊಟ ಬಿಟ್ರೆ, ಹನ್ನೆರಡೂ ಹೋಗಿದ್ರೆ ನನ್ನ ಗತಿ ಏನೇ?" ಎಂದು ಗಂಡ ನಗಿಸಲು ನೋಡಿದ. ಬಸ್ಸು ಓಡಿಸುವವನು, ಕಷ್ಟಕ್ಕೆಲ್ಲ ಒಂದು ತಮಾಷೆ ಇಟ್ಟುಕೊಂಡಿರುತ್ತಿದ್ದ. ಅವಳು ತಟ್ಟೆ ದೂಡಿ ಮುಖ ಮುಚ್ಚಿಕೊಂಡು ಅತ್ತಾಗ ಅವನ ತಮಾಷೆಯೂ ಮುಗಿಯಿತು. "ಹೋಗಿ ಹೇಳಿಬಿಡು. ಹೊಡೆಯೋದಂತೂ ಇಲ್ಲ" ಎಂದ. ಹೊಡೆದರೇ ವಾಸಿ ಎನಿಸಿತು ಅವಳಿಗೆ.

ಮರುದಿನ ಬೆಳಿಗ್ಗೆ ಗಾಯಕ ಹಾಡು ಕೇಳಲೆಂದು ಬಂದ. ಕತ್ತಿಗೆ ಬಟ್ಟೆ ಸುತ್ತಿದ್ದ, ಮುಖದಲ್ಲಿ ಹಬ್ಬ. ಪುಸ್ತಕದಲ್ಲಿ ಮೊದಲೇ ಬರೆದು ತಂದಿದ್ದ: "ಅಕ್ಕ, ನನ್ನ ದನಿ ಹೇಗಿತ್ತು ಅನ್ನೋದೇ ಮೊಮ್ಮಗಳಿಗೆ ಗೊತ್ತಿಲ್ಲ. ಮಿಕ್ಕ ಹನ್ನೊಂದು ಆಮೇಲೆ, ಮೊದಲು ಈ ಹಾಡೇ ಕೇಳಿಸ್ತೀನಿ."

ಅವಳು ಅದನ್ನು ಎರಡು ಸಲ ಓದಿದಳು. ಬಾಗಿಲು ಹಾಕಿ, ಖಾಲಿ ಡಬ್ಬಿ ಅವನ ಮುಂದಿಟ್ಟು, ನಿಂತಲ್ಲೇ ಎಲ್ಲವನ್ನೂ ಹೇಳಿದಳು. ಜ್ವರ, ಸೋಪು, ಸೆರಗು ಒಂದನ್ನೂ ಬಿಡಲಿಲ್ಲ.

ಅವನು ಡಬ್ಬಿಯನ್ನೇ ನೋಡುತ್ತ ಕೂತ. ಅವಳಿಗೆ ತಡೆಯಲಾಗಲಿಲ್ಲ. "ಬೈದುಬಿಡೋ ತಮ್ಮ! ಏನಾದ್ರೂ ಒಂದು ಮಾತಾಡೋ!" ಎಂದುಬಿಟ್ಟಳು. ಅಂದದ್ದೇನೆಂದು ಹೊಳೆದು ನಾಲಿಗೆ ಕಚ್ಚಿಕೊಂಡಳು.

ಅವನು ಪೆನ್ನು ತೆಗೆದ. "ರೀಲು ಎಲ್ಲಿ?"

"ಚೀಲದಲ್ಲಿದೆ. ನಿನಗೇ ಕೊಡೋಣ ಅಂತ ತಂದೆ. ಅದ್ರಲ್ಲಿ ಏನೂ ಇಲ್ಲಪ್ಪ."

"ಪೂರ್ತಿ ಕೇಳಿದ್ದೀಯಾ?" ಎಂದು ಬರೆದ.

ಅವಳು ಕೇಳಿರಲಿಲ್ಲ. ಆ ಸಂಜೆ ಸೋಪಿನ ಎರಡು ಸಾಲು ಕೇಳಿ ನಿಲ್ಲಿಸಿದವಳು ಮತ್ತೆ ಅದನ್ನು ಮುಟ್ಟುವ ಧೈರ್ಯ ಮಾಡಿರಲಿಲ್ಲ. ಚೀಲದಿಂದ ರೀಲು ತೆಗೆದು ಯಂತ್ರಕ್ಕೆ ಹಾಕಿದಳು.

ಹೆಂಗಸೊಬ್ಬಳು ಸೋಪನ್ನು ಹಾಡಿ ಹೊಗಳಿದಳು. ತಪ್ಪಾಯಿತೆಂದು ಮತ್ತೆ ಹೊಗಳಿದಳು. ಹೀಗೆ ಏಳು ಸಲ. ನಾಲ್ಕು ನಿಮಿಷ ಇಬ್ಬರೂ ಅದನ್ನು ಶಿಕ್ಷೆಯಂತೆ ಕೇಳಿದರು. ಆಮೇಲೆ 'ಟಕ್' ಎಂದು ಸದ್ದಾಗಿ, ನೊರೆಯೆಲ್ಲ ಒಮ್ಮೆಲೇ ತೊಳೆದುಹೋಗಿ, ಮುಗಿಯುತ್ತಿದ್ದ ಗಿಟಾರಿನ ಮೇಲೆ ಅವನ ದನಿ ಬಂತು. ಇಪ್ಪತ್ತಮೂರು ಸೆಕೆಂಡು. ಹಾಡಿನ ಕೊನೆಯ ಎರಡು ಸಾಲು, ಉಸಿರು ಎಳೆದುಕೊಂಡದ್ದು, ಕೊನೆಯಲ್ಲಿ ಒಂದು ನಗು.

ಗಾಯಕನ ಭುಜ ಕುಲುಕತೊಡಗಿತು. ಅವನು ಅಳುವುದಕ್ಕೂ ಸದ್ದಿರಲಿಲ್ಲ. ಬೆರಳೆತ್ತಿ ಮತ್ತೆ ಹಾಕು ಎಂದು ಸನ್ನೆ ಮಾಡಿದ. ನಾಲ್ಕು ಸಲ ಹಾಕಿಸಿದ. ಎದ್ದು ಹೋಗುವಾಗ ಬರೆದ: "ಅಳಿಸಿಹೋದ ಆ ನಾಲ್ಕು ನಿಮಿಷಕ್ಕೆ ನಿನ್ನನ್ನ ಕ್ಷಮಿಸೋಕೆ ನನ್ನಿಂದ ಆಗಲ್ಲ ಅಕ್ಕ. ಇದನ್ನ ಯಾರ ಕೈಗೂ ಕೊಡಬೇಡ, ನೀನೇ ಇವತ್ತೇ ಕಾಪಿ ಮಾಡು."

ಅವಳು ಮಾಡಿದಳು. ಮ್ಯಾನೇಜರಿಗೂ ತಾನೇ ಹೋಗಿ ಹೇಳಿದಳು. ಅವನು ಕೂಗಾಡಿ ಕಪಾಟಿನ ಕೀಲಿ ಕಿತ್ತುಕೊಂಡ. ಪೋಸ್ಟರನ್ನು ಮತ್ತೆ ಅಚ್ಚು ಹಾಕಿಸಬೇಕಾಯಿತು. ಆಲ್ಬಮ್ಮಿನಲ್ಲಿ ಹನ್ನೊಂದು ಹಾಡು ಮುಗಿದ ಮೇಲೆ ಆ ಇಪ್ಪತ್ತಮೂರು ಸೆಕೆಂಡು ಇರಲೇಬೇಕೆಂದು ಗಾಯಕ ಹಟ ಹಿಡಿದ, ಗೆದ್ದ.

ಅವನು ಆಮೇಲೂ ಸ್ಟುಡಿಯೋಗೆ ಬಂದುಹೋಗುತ್ತಿದ್ದ. ಟೇಪಕ್ಕ ಈಗ ಮುಂಬಾಗಿಲಲ್ಲಿ ಫೋನು ತೆಗೆದುಕೊಳ್ಳುವ ಕೆಲಸದಲ್ಲಿದ್ದಳು. ಅವನು ಬಂದಾಗ ಎದ್ದು ನಿಲ್ಲುತ್ತಿದ್ದಳು, ಅವನು ತಲೆಯಾಡಿಸಿ ಒಳಗೆ ಹೋಗುತ್ತಿದ್ದ. ಅವಳೆದುರು ಪುಸ್ತಕವನ್ನು ಮಾತ್ರ ಜೇಬಿನಿಂದ ತೆಗೆಯುತ್ತಿರಲಿಲ್ಲ.